ಸೈಕಲ್ ಏರಿ ಕಾಡಿಗೆ: ಎಲ್ಲಿ ತುಳಿಯಬಹುದು, ಎಲ್ಲಿ ಇಳಿಯಬೇಕು

ಮಳೆ ಬಿಟ್ಟು ಅಕ್ಟೋಬರ್ ಬಂತೆಂದರೆ ಮಂಗಳೂರು, ಉಡುಪಿ, ಮಣಿಪಾಲದ ಸೈಕಲ್ ಸವಾರರು ಘಟ್ಟದ ಕಡೆ ಮುಖ ಮಾಡುತ್ತಾರೆ. ಬೆಳಗಿನ ಜಾವ ಹೊರಟವರು ಬಿಸಿಲೇರುವ ಮುಂಚೆ ಕಾರ್ಕಳವನ್ನೋ ಹೆಬ್ರಿಯನ್ನೋ ದಾಟಿರುತ್ತಾರೆ. ಅಲ್ಲಿಂದ ಮುಂದೆ ರಸ್ತೆಯ ಎರಡೂ ಬದಿ ಕಾಡು. ಟಾರು ರಸ್ತೆಯಿಂದ ಕವಲೊಡೆದು ಮರಗಳ ನಡುವೆ ಮರೆಯಾಗುವ ಮಣ್ಣಿನ ದಾರಿ ಕಂಡರೆ ಸಾಕು, ಹ್ಯಾಂಡಲ್ ತಾನಾಗಿಯೇ ಅತ್ತ ತಿರುಗುತ್ತದೆ. ತೊಡಕು ಶುರುವಾಗುವುದು ಅಲ್ಲಿಯೇ. ‘ಸೈಕಲ್ ತಾನೆ, ಹೊಗೆಯಿಲ್ಲ, ಸದ್ದಿಲ್ಲ, ಯಾರಿಗೇನು ತೊಂದರೆ’ ಎಂದುಕೊಂಡು ಒಳಗೆ ಹೋದವರನ್ನು ಗಾರ್ಡ್ ತಡೆಯುತ್ತಾರೆ. ಇನ್ನೊಂದು ಕಡೆ, ಟಿಕೆಟ್ ಮಾಡಿಸಿ ನಡೆಯುತ್ತಾ ಬಂದವರು ತಿರುವಿನಲ್ಲಿ ಏಕಾಏಕಿ ಎದುರಾದ ಸೈಕಲ್ಲಿಗೆ ಬೆಚ್ಚಿ ಬೀಳುತ್ತಾರೆ.

ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸಂರಕ್ಷಿತ ಕಾಡಿಗೆ ಬಂದಾಗ ನೀವು ಯಾವ ಗಾಡಿಯಲ್ಲಿ ಬಂದಿರಿ ಎನ್ನುವುದು ಎರಡನೆಯ ಪ್ರಶ್ನೆ. ನೀವು ಅಲ್ಲಿ ಇರಬಹುದೇ ಎನ್ನುವುದು ಮೊದಲ ಪ್ರಶ್ನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಅಭಯಾರಣ್ಯಕ್ಕೆ ಯಾವುದೇ ವ್ಯಕ್ತಿ ಪ್ರವೇಶಿಸುವುದನ್ನೇ ನಿರ್ಬಂಧಿಸುತ್ತದೆ. ಕಾರಿನಲ್ಲಿ ಬಂದವರಿಗೂ ಸೈಕಲ್ಲಿನಲ್ಲಿ ಬಂದವರಿಗೂ ಬರಿಗಾಲಲ್ಲಿ ಬಂದವರಿಗೂ ಅದು ಒಂದೇ.

ಮೊದಲ ಹೆಜ್ಜೆ: ನೆಲ ಯಾವುದೆಂದು ತಿಳಿಯಿರಿ

ನಮ್ಮ ಎರಡು ಜಿಲ್ಲೆಗಳ ಸುತ್ತ ಕಾಡೆಂದು ಕಾಣುವುದೆಲ್ಲ ಕಾನೂನಿನ ಲೆಕ್ಕದಲ್ಲಿ ಒಂದೇ ಬಗೆಯದಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ. 1987ರಲ್ಲಿ ಘೋಷಣೆಯಾದ ಇದರ ವ್ಯಾಪ್ತಿ ಸುಮಾರು 600 ಚದರ ಕಿಲೋಮೀಟರ್. ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಮೂರೂ ಜಿಲ್ಲೆಗಳಲ್ಲಿ ಹಬ್ಬಿದೆ. ಹೆಬ್ರಿ ದಾಟಿ ಆಗುಂಬೆ ಘಾಟಿಯ ಕೆಳಗೆ ಸೋಮೇಶ್ವರ ಅಭಯಾರಣ್ಯ. ಕೊಲ್ಲೂರಿನ ಸುತ್ತ ಮೂಕಾಂಬಿಕಾ ಅಭಯಾರಣ್ಯ. ಸುಬ್ರಹ್ಮಣ್ಯದ ಮೇಲೆ ಪುಷ್ಪಗಿರಿ ಅಭಯಾರಣ್ಯ. ಇವಲ್ಲದೆ ಮೀಸಲು ಅರಣ್ಯಗಳಿವೆ; ಅವುಗಳಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ, ಅಲ್ಲಿಯೂ ಅಪ್ಪಣೆಯಿಲ್ಲದೆ ಒಳಹೋಗುವುದು ಅತಿಕ್ರಮ ಪ್ರವೇಶವೇ.

ಒಂದೇ ದಾರಿ ಎರಡು ಬಗೆಯ ನೆಲವನ್ನು ಹಾಯುವುದೂ ಉಂಟು. ಕುಮಾರ ಪರ್ವತದ ದಾರಿ ಕುಕ್ಕೆಯಿಂದ ಗಿರಿಗದ್ದೆಯವರೆಗೆ ಮೀಸಲು ಅರಣ್ಯದಲ್ಲಿ ಏರುತ್ತದೆ, ಮೇಲೆ ಹೋದಂತೆ ಪುಷ್ಪಗಿರಿ ಅಭಯಾರಣ್ಯ ಸಿಗುತ್ತದೆ. ಕೆಳಗಿನ ಕಚೇರಿಯೇ ಬೇರೆ, ಮೇಲಿನ ಕಚೇರಿಯೇ ಬೇರೆ. ಕೆಳಗೆ ಯಾರೋ ‘ಹೋಗಿ ಬನ್ನಿ’ ಎಂದದ್ದು ಮೇಲಿನವರೆಗೆ ನಡೆಯುವುದಿಲ್ಲ.

ಹಾಗಾದರೆ ರಸ್ತೆ? ಸಾರ್ವಜನಿಕ ಹೆದ್ದಾರಿಯಲ್ಲಿ ಅಭಯಾರಣ್ಯವನ್ನು ಹಾದುಹೋಗುವವರಿಗೆ ಅದೇ 27ನೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ಹೀಗಾಗಿ ಉಡುಪಿಯಿಂದ ಹೆಬ್ರಿ, ಸೋಮೇಶ್ವರದ ಮೇಲೆ ಆಗುಂಬೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ ಮೇಲೆ ನೀವು ಧಾರಾಳವಾಗಿ ತುಳಿಯಬಹುದು. ಕಾರ್ಕಳದಿಂದ ಮಾಳ, ಎಸ್.ಕೆ. ಬಾರ್ಡರ್ ದಾಟಿ ಶೃಂಗೇರಿ ಕಡೆಗೆ ಹೋಗುವ ಹೆದ್ದಾರಿ 169 ಕೂಡ ಹಾಗೆಯೇ. ಚೆಕ್‌ಪೋಸ್ಟಿನಲ್ಲಿ ಹೆಸರು, ಹೊತ್ತು ಬರೆಸಿ ಎಂದರೆ ಬರೆಸಿ. ಆದರೆ ಈ ವಿನಾಯಿತಿ ಹಾದುಹೋಗುವವರಿಗೆ ಮಾತ್ರ. ಟಾರಿನ ಅಂಚು ಬಿಟ್ಟು ಸೈಕಲ್ಲನ್ನು ಹತ್ತು ಮಾರು ಒಳಗೆ ಇಳಿಸಿದಿರೋ, ನೀವು ದಾರಿಹೋಕರಾಗಿ ಉಳಿಯುವುದಿಲ್ಲ. ತೊರೆಗೆ ಇಳಿದು ಕಾಲು ತೊಳೆಯುವುದು, ಮರದ ಬುಡದಲ್ಲಿ ಬುತ್ತಿ ಬಿಚ್ಚುವುದು ಎಲ್ಲವೂ ಇದರಲ್ಲಿ ಸೇರುತ್ತದೆ.

ಅಭಯಾರಣ್ಯದ ಹೊರಗೂ ಎಲ್ಲ ದಾರಿ ಎಲ್ಲರದಲ್ಲ. ನಮ್ಮ ಕರಾವಳಿಯಲ್ಲಿ ಹಾಡಿ, ಗುಡ್ಡ ಹಾಯುವ ಕಾಲುದಾರಿಗಳು ಬಹುಪಾಲು ಯಾರದೋ ವರ್ಗ ಜಾಗದಲ್ಲೋ (ಪಟ್ಟಾ ನೆಲದಲ್ಲೋ) ಅದಕ್ಕೆ ತಾಗಿದ ಕುಮ್ಕಿಯಲ್ಲೋ ಇವೆ. ಕುಮ್ಕಿ ಸರ್ಕಾರದ ನೆಲವೇ ಆದರೂ ಸೊಪ್ಪು, ಸೌದೆ, ದನಕ್ಕೆಂದು ಅದನ್ನು ಬಳಸಿಕೊಂಡು ಬಂದ ಹಕ್ಕು ಪಕ್ಕದ ವರ್ಗದಾರರದು. ಅಂಗಳದಲ್ಲಿ ಯಾರಾದರೂ ಕಂಡರೆ ಇಳಿದು ‘ಈಚೆಯಿಂದ ಹೋಗಬಹುದಾ?’ ಎಂದು ಕೇಳಿ. ತುಳು ಬಂದರೆ ತುಳುವಿನಲ್ಲೇ ಕೇಳಿ. ಬೇಡವೆಂದವರನ್ನು ನಾನು ಕಂಡದ್ದು ಕಡಿಮೆ. ಕೇಳದೆ ಹೋದವರ ಮೇಲೆ ರೇಗಿದವರನ್ನು ಬೇಕಷ್ಟು ಕಂಡಿದ್ದೇನೆ. ಬೇಲಿಯ ದಣಪೆ (ಅಡ್ಡಗಳುಗಳ ಗೇಟು) ತೆಗೆದು ದಾಟಿದರೆ ಮತ್ತೆ ಹಾಕಿಯೇ ಮುಂದೆ ಹೋಗಬೇಕು, ಇಲ್ಲವಾದರೆ ದನ ಹೊಕ್ಕು ಒಂದು ರಾತ್ರಿಯಲ್ಲಿ ತೋಟ ಹಾಳು. ನಾಗಬನ, ದೈವದ ಕಟ್ಟೆಯ ಸುತ್ತ ದಾರಿ ಹಾದಿದ್ದರೂ ಸೈಕಲ್ ಒಯ್ಯುವುದು ಬೇಡ, ಸುತ್ತು ಹಾಕಿ.

ಎರಡನೆಯ ಹೆಜ್ಜೆ: ಅನುಮತಿ ಪತ್ರ

ಅಭಯಾರಣ್ಯ ಪ್ರವೇಶಕ್ಕೆ ಯಾವ ಕಾರಣಗಳಿಗೆ ಅನುಮತಿ ಕೊಡಬಹುದೆಂದು 28ನೇ ಸೆಕ್ಷನ್ ಹೇಳುತ್ತದೆ: ವನ್ಯಜೀವಿ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗೆ ವಾಸವಿರುವವರೊಡನೆ ಕಾನೂನುಬದ್ಧ ವ್ಯವಹಾರ. ನಮ್ಮ ನಿಮ್ಮಂಥವರು ಬರುವುದು ಪ್ರವಾಸದ ಲೆಕ್ಕದಲ್ಲಿ. ರಾಷ್ಟ್ರೀಯ ಉದ್ಯಾನಗಳಿಗೂ ಇವೇ ಸೆಕ್ಷನ್‌ಗಳು ಅನ್ವಯ.

ನಡೆದು ಹೋಗುವವರ ಪಾಲಿಗೆ ಈ ಕೆಲಸ ಈಗ ಸಲೀಸಾಗಿದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಬುಡದಲ್ಲಿ ನೆರೆದ ಜನಜಾತ್ರೆಯ ಚಿತ್ರಗಳನ್ನು ನೀವೂ ನೋಡಿರಬಹುದು. ಅದಾದ ಮೇಲೆ ಸರ್ಕಾರ ಚಾರಣವನ್ನು ತಡೆಹಿಡಿದು, ಆ ವರ್ಷವೇ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಆನ್‌ಲೈನ್ ಬುಕಿಂಗ್ ತಂದಿತು. ಒಂದು ಚಾರಣಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿ ಇಟ್ಟರು. ಟಿಕೆಟ್ ಮಾಡಿಸುವಾಗ ಕೊಟ್ಟ ಗುರುತಿನ ಚೀಟಿಯೇ ಗೇಟಿನಲ್ಲೂ ಕೈಯಲ್ಲಿರಲಿ. ಶುಲ್ಕ, ಹೊತ್ತು, ಯಾವ ಪಥ ತೆರೆದಿದೆ ಎನ್ನುವುದು ಆಗಾಗ ಬದಲಾಗುತ್ತದೆ. ಹೊರಡುವ ಹಿಂದಿನ ದಿನ ಜಾಲತಾಣ ನೋಡಿ, ಆಮೇಲೆ ವಲಯ ಕಚೇರಿಗೆ ಒಂದು ಫೋನ್ ಮಾಡಿ.

ಇನ್ನು ಸೈಕಲ್. ಚಾರಣದ ಟಿಕೆಟ್ ಚಾರಣಕ್ಕೆ ಮಾತ್ರ. ಕೈಯಲ್ಲಿ ಟಿಕೆಟ್ ಇದೆಯೆಂದು ಸೈಕಲ್ಲನ್ನು ಒಳಗೆ ತಳ್ಳಿಕೊಂಡು ಹೋಗಲು ಅದು ರಹದಾರಿಯಲ್ಲ. ಸೈಕಲ್ ಒಯ್ಯುವ ಮನಸ್ಸಿದ್ದರೆ ಬೇರೆಯಾಗಿಯೇ ಕೇಳಬೇಕು, ಬರಹದಲ್ಲಿ ಕೇಳಬೇಕು. ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿ ಕಾರ್ಕಳದಲ್ಲೇ ಇದೆ. ಮಂಗಳೂರಿನವರಿಗೂ ಉಡುಪಿಯವರಿಗೂ ದೂರವೇನಲ್ಲ.

ಬ್ಯಾಟರಿ ಸೈಕಲ್ ಇಟ್ಟುಕೊಂಡವರಿಗೆ ಒಂದು ಮಾತು. ಮೋಟಾರಿನ ಶಕ್ತಿ 250 ವಾಟ್‌ಗೂ ವೇಗ ಗಂಟೆಗೆ 25 ಕಿ.ಮೀ.ಗೂ ಕಡಿಮೆ ಇದ್ದರೆ ಅದು ಮೋಟಾರು ವಾಹನವಲ್ಲ, ನೋಂದಣಿ ಬೇಡ ಎಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಅದು ರಸ್ತೆಯ ಮಾತು. ಕಾಡಿನ ಗೇಟಿನಲ್ಲಿ ಈ ನಿಯಮ ತೋರಿಸಿ ವಾದಕ್ಕೆ ನಿಂತರೆ ನಿಮ್ಮ ಹೊತ್ತು ಹಾಳಾಗುವುದಷ್ಟೇ.

ಮೂರನೆಯ ಹೆಜ್ಜೆ: ಚಕ್ರ ತೊಳೆದು ಹೊರಡಿ

ಇದನ್ನು ಹೆಚ್ಚಿನವರು ಮಾಡುವುದಿಲ್ಲ, ನನಗೆ ಇದು ಬಹಳ ಮುಖ್ಯವೆನ್ನಿಸುತ್ತದೆ. ಟೈರಿನ ಗೆರೆಗಳಲ್ಲಿ, ಬೂಟಿನ ಅಡಿಯಲ್ಲಿ ಅಂಟಿಕೊಂಡ ಕೆಸರಿನ ಜೊತೆ ಬೀಜಗಳೂ ಪಯಣಿಸುತ್ತವೆ. ಪೇಟೆಯ ಖಾಲಿ ಸೈಟಿನ ಕಾಂಗ್ರೆಸ್ ಗಿಡ, ರಸ್ತೆ ಬದಿಯ ಲಂಟಾನ ಘಟ್ಟದ ಹುಲ್ಲುಗಾವಲಿಗೆ ಹೋಗಿ ಬೇರು ಬಿಟ್ಟರೆ ಕೀಳುವುದು ಸುಲಭವಲ್ಲ. ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಚಕ್ರವನ್ನೂ ಬೂಟನ್ನೂ ಬ್ರಷ್ ಹಾಕಿ ತೊಳೆದು ಒಣಗಿಸಿ. ನಡೆಯುವವರಿಗೂ ಇದೇ ಮಾತು.

ಗಂಟೆ ಇರಲಿ, ಸ್ಪೀಕರ್ ಬೇಡ. ಬ್ರೇಕ್ ಎರಡೂ ಗಟ್ಟಿ ಇರಲಿ: ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವಾಗ ಒಂದನ್ನೇ ಒತ್ತಿ ಹಿಡಿದರೆ ರಿಮ್ ಕಾದು ಹಿಡಿತ ತಪ್ಪುತ್ತದೆ. ಎರಡನ್ನೂ ಬಿಟ್ಟು ಬಿಟ್ಟು ಒತ್ತಬೇಕು. ಪಂಕ್ಚರ್ ಸಾಮಾನು ಜೊತೆಗಿರಲಿ. ಕುದುರೆಮುಖದ ಒಳಗೆ ಬಹಳ ಕಡೆ ಫೋನಿಗೆ ಸಿಗ್ನಲ್ ಇಲ್ಲ, ಹಾಗಾಗಿ ಎಷ್ಟು ಹೊತ್ತಿಗೆ ಹಿಂತಿರುಗುತ್ತೀರೆಂದು ಮನೆಯಲ್ಲಿ ಹೇಳಿಯೇ ಹೊರಡಿ.

ನಾಲ್ಕನೆಯ ಹೆಜ್ಜೆ: ದಾರಿಯಲ್ಲಿ ಯಾರು ಯಾರಿಗೆ ಬಿಡಬೇಕು

ಮೊದಲ ಹಕ್ಕು ಅಲ್ಲಿನ ಜನರದು. ಕುದುರೆಮುಖದ ಒಳಗೆ ಮಲೆಕುಡಿಯರ ಮನೆಗಳಿವೆ, ತಲೆತಲಾಂತರದಿಂದ ಅವರು ಅಲ್ಲಿದ್ದಾರೆ. ನಮಗೆ ಭಾನುವಾರದ ಚಾರಣವಾಗಿರುವ ದಾರಿ ಅವರಿಗೆ ಅಂಗಡಿಗೆ, ಶಾಲೆಗೆ, ಆಸ್ಪತ್ರೆಗೆ ಹೋಗುವ ದಾರಿ. ತಲೆಹೊರೆ ಹೊತ್ತು ಎದುರು ಬಂದವರಿಗೆ ಸೈಕಲ್ಲಿನವರೂ ನಡೆಯುವವರೂ ಪೂರ್ತಿ ಬದಿಗೆ ಸರಿಯಬೇಕು. ಹೊರೆ ಹೊತ್ತವರು ತಗ್ಗಿ ಬಗ್ಗಿ ದಾರಿ ಮಾಡಿಕೊಳ್ಳಲಾರರು. ಕೇಳದೆ ಅವರ ಮನೆಯ, ಮಕ್ಕಳ ಫೋಟೊ ತೆಗೆಯಬೇಡಿ.

ಆಮೇಲಿನ ಸರದಿ ನಡೆಯುವವರದು. ಸೈಕಲ್ಲಿಗೆ ಅವಕಾಶವಿರುವ ದಾರಿಯಲ್ಲೂ ನಡೆಯುವವರಿಗೆ ಸೈಕಲ್ಲೇ ದಾರಿ ಬಿಡಬೇಕು. ಇಂಗ್ಲೆಂಡಿನಲ್ಲಿ ಕುದುರೆ ಸವಾರಿಯ ದಾರಿಗಳನ್ನು 1968ರ ಕಾಯ್ದೆಯೊಂದು ಸೈಕಲ್ಲಿಗೆ ತೆರೆದಾಗಲೂ, ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕೆಂಬ ಷರತ್ತನ್ನು ಜೊತೆಗೇ ಹಾಕಿತು. ಅಮೆರಿಕದಲ್ಲಿ ‘ವೈಲ್ಡರ್‌ನೆಸ್’ ಎಂದು ಘೋಷಿಸಿದ ಕಾಡುಗಳಿಗಂತೂ ಸೈಕಲ್ಲಿಗೆ ಪ್ರವೇಶವೇ ಇಲ್ಲ. ಸೈಕಲ್ ಸವಾರರನ್ನು ನಮ್ಮಲ್ಲಿ ಮಾತ್ರ ಗೋಳುಹೊಯ್ದುಕೊಳ್ಳುತ್ತಾರೆ ಎನ್ನುವ ಮಾತು ನಿಜವಲ್ಲ.

ಹಿಂದಿನಿಂದ ಬರುವಾಗ ದೂರದಲ್ಲೇ ಒಮ್ಮೆ ಗಂಟೆ ಬಾರಿಸಿ, ‘ಬಲಗಡೆಯಿಂದ ಬರ್ತಾ ಇದ್ದೇನೆ’ ಎಂದು ಬಾಯಿಬಿಟ್ಟು ಹೇಳಿ, ನಡಿಗೆಯ ವೇಗಕ್ಕೆ ಇಳಿದು ದಾಟಿ. ದಾರಿ ಕಿರಿದಾಗಿ ಒಂದು ಬದಿ ಪ್ರಪಾತವಿದ್ದರೆ ಇಳಿದು ನಿಲ್ಲಿ, ಗುಡ್ಡದ ಮಗ್ಗುಲನ್ನು ನಡೆಯುವವರಿಗೆ ಬಿಡಿ. ಅವರನ್ನು ಪ್ರಪಾತದ ಬದಿಗೆ ಸರಿಸಬೇಡಿ. ಕಣ್ಣಿಗೆ ಕಾಣದ ತಿರುವಿನಲ್ಲಿ ಆಚೆ ಮಗು ಇದೆಯೆಂದೇ ತಿಳಿದು ತುಳಿಯಿರಿ. ನಡೆಯುವವರೂ ಕಿವಿಯಲ್ಲಿ ಇಯರ್‌ಫೋನ್ ತುರುಕಿಕೊಂಡು, ನಾಲ್ಕು ಮಂದಿ ಸಾಲಾಗಿ ಕೈ ಹಿಡಿದು ದಾರಿ ತುಂಬ ಹೋದರೆ ಗಂಟೆ ಬಾರಿಸಿದವರ ತಪ್ಪಲ್ಲ.

ಕೊಡಚಾದ್ರಿಯ ಜೀಪ್ ದಾರಿಯದು ಬೇರೆಯೇ ಕತೆ. ಕೊರಕಲು ಬಿದ್ದ ಏರಿನಲ್ಲಿ ತುಂಬಿದ ಜೀಪ್ ಒಮ್ಮೆ ನಿಂತರೆ ಮತ್ತೆ ಎಳೆಯುವುದು ಕಷ್ಟ. ಸದ್ದು ಕೇಳಿದ ಕೂಡಲೇ ಅಗಲ ಇರುವ ಕಡೆ ಬದಿಗೆ ನಿಂತು ಬಿಡಿ, ಹಿಂದೆ ಇನ್ನೊಂದು ಜೀಪ್ ಇದೆಯೇ ಎಂದು ಕಿವಿಗೊಟ್ಟು ಆಮೇಲೆ ಹೊರಡಿ.

ಮಣ್ಣಿನ ವಿಚಾರ. ಚಕ್ರ ಸುಮ್ಮನೆ ಉರುಳಿದರೆ ಆಗುವ ಹಾನಿ ಹೆಚ್ಚಲ್ಲ. ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಬಿಗಿಹಿಡಿದು ಚಕ್ರವನ್ನು ಜಾರಿಸಿದಾಗ ಮಣ್ಣು ಕಿತ್ತು ಗೀರು ಬೀಳುತ್ತದೆ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆ ನೀರು ಗೀರನ್ನೇ ತೋಡು ಮಾಡಿಕೊಂಡು ಹರಿದು, ಕೆಲವೇ ಮಳೆಗಾಲಗಳಲ್ಲಿ ಮೊಣಕಾಲುದ್ದ ಕೊರೆಯುತ್ತದೆ. ಆಗ ಜನ ಪಕ್ಕದ ಹುಲ್ಲಿನ ಮೇಲೆ ಹೊಸ ದಾರಿ ತುಳಿಯುತ್ತಾರೆ, ಆ ದಾರಿಯೂ ಕೊರೆಯುತ್ತದೆ. ಮಳೆ ಬಿದ್ದು ಮಣ್ಣು ಮೆತ್ತಗಿದ್ದಾಗ ಇಳಿದು ನಡೆಯುವುದೇ ಸರಿ. ಕೆಸರಿಗೆ ಹೆದರಿ ದಾರಿಯ ಅಂಚು ಹಿಡಿಯಬೇಡಿ. ನಡುವೆಯೇ ಹೋಗಿ, ಬೂಟು ಒದ್ದೆಯಾಗಲಿ.

ಪ್ರಾಣಿ ಎದುರಾದರೆ

ನಡೆಯುವವರ ಮಾತು, ಹೆಜ್ಜೆ ಸದ್ದು ಕಾಟಿಗೆ (ಕಾಡುಕೋಣಕ್ಕೆ) ದೂರದಿಂದಲೇ ಕೇಳುತ್ತದೆ, ಅದು ಸರಿದು ಹೋಗುತ್ತದೆ. ಸೈಕಲ್ ಸದ್ದಿಲ್ಲದೆ ವೇಗವಾಗಿ ಬಂದು ಮುಖಾಮುಖಿಯಾಗುತ್ತದೆ, ಅಪಾಯ ಇರುವುದು ಅದರಲ್ಲಿ. ಕಾಟಿಯಾಗಲಿ ಆನೆಯಾಗಲಿ ಕಂಡರೆ ನಿಂತು, ಗಂಟೆ ಬಾರಿಸದೆ, ಮುಖ ಅತ್ತಲೇ ಇಟ್ಟುಕೊಂಡು ನಿಧಾನ ಹಿಂದೆ ಸರಿಯಿರಿ. ದಾರಿಗೆ ಅಡ್ಡ ಮಲಗಿದ ಹಾವನ್ನು ಎಬ್ಬಿಸಲು ಹೋಗಬೇಡಿ, ಇದು ಕಾಳಿಂಗ ಸರ್ಪದ ನಾಡು. ಘಾಟಿಯಲ್ಲಿ ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತು ಎಸೆಯಬೇಡಿ. ತಿನ್ನುವ ಆಸೆಗೆ ರಸ್ತೆಗೆ ಇಳಿದದ್ದು ಲಾರಿಯ ಅಡಿಗೆ ಬೀಳುತ್ತದೆ. ಸೋಮೇಶ್ವರದ ಕಾಡಿನಲ್ಲಿ ಅಳಿವಿನಂಚಿನ ಸಿಂಗಳೀಕವೂ ಇದೆ. ಕಾಡುಪ್ರಾಣಿಗಳನ್ನು ಕೆಣಕುವುದು, ಕಸ ಎಸೆಯುವುದು ಎರಡನ್ನೂ 27ನೇ ಸೆಕ್ಷನ್ನೇ ನಿಷೇಧಿಸಿದೆ. ಬೆಂಕಿ ಹಚ್ಚುವುದಕ್ಕೆ ನಿಷೇಧ ಹೇಳುವ ಸೆಕ್ಷನ್ ಬೇರೆಯೇ ಇದೆ.

ಐದನೆಯ ಹೆಜ್ಜೆ: ಕಾಲ ನೋಡಿ ಹೋಗಿ

ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ, ಚಾರಣಪಥಗಳನ್ನು ಮುಚ್ಚುತ್ತಾರೆ. ಮಳೆಗಾಲದಲ್ಲಿ ತೊರೆ ಉಕ್ಕುವುದರಿಂದ ಜಲಪಾತ, ಬೆಟ್ಟಗಳಿಗೆ ಜಿಲ್ಲಾಡಳಿತವೇ ನಿರ್ಬಂಧ ಹಾಕುವುದುಂಟು. ಉಂಬಳಕ್ಕೆ ಹೆದರುವವರು ಕಾಲಿಗೆ ಹೊಗೆಸೊಪ್ಪು ಸುಣ್ಣ ಹಚ್ಚಿಕೊಂಡರಾಯಿತು, ಅದರಿಂದ ಜೀವಕ್ಕೇನೂ ಅಪಾಯವಿಲ್ಲ. ಎಚ್ಚರ ಬೇಕಾದ್ದು ಉಣುಗಿನ ಬಗ್ಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಚಳಿಗಾಲದಿಂದ ಬೇಸಿಗೆಯವರೆಗೆ ಅದರ ಕಾಲ, ಅಂದರೆ ಸರಿಯಾಗಿ ಚಾರಣದ ಕಾಲ. ಉದ್ದ ತೋಳು, ಉದ್ದ ಪ್ಯಾಂಟು ಹಾಕಿ, ತರಗೆಲೆಯ ಮೇಲೆ ಕೂರಬೇಡಿ, ಮನೆಗೆ ಬಂದು ಬಟ್ಟೆಯನ್ನು ಬಿಸಿನೀರಲ್ಲಿ ಹಾಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆಮೇಲಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ಗಾರ್ಡ್ ‘ಆಗುವುದಿಲ್ಲ’ ಎಂದರೆ

ಹಿಂತಿರುಗಿ. ಆ ಗೇಟಿನಲ್ಲಿ ನಿಂತ ಗಾರ್ಡ್‌ಗೆ, ದಿನಗೂಲಿ ವಾಚರ್‌ಗೆ ನಿಯಮ ಸಡಿಲಿಸುವ ಅಧಿಕಾರವಿಲ್ಲ. ಅವರೊಡನೆ ಜಗಳವಾಡಿ ವಿಡಿಯೊ ಮಾಡಿ ಹಾಕಿದರೆ ಮುಂದೆ ಬರುವ ಸೈಕಲ್ ಸವಾರರ ದಾರಿಯೂ ಮುಚ್ಚುತ್ತದೆ. ಕೇಳಬೇಕಾದದ್ದು ಉಪ ಅರಣ್ಯ ಸಂರಕ್ಷಣಾಧಿಕಾರಿಯವರ ಬಳಿ. ಕಾಲುದಾರಿಗಳನ್ನು ನಡೆಯುವವರಿಗೇ ಬಿಟ್ಟು, ಹಿಂದೆ ಮರ ಸಾಗಿಸಲು ಮಾಡಿದ ಹಳೆಯ ಕೂಪಿನ ರಸ್ತೆಗಳಲ್ಲಿ ಒಂದೆರಡನ್ನು ಸೈಕಲ್ಲಿಗೆ ಕೊಡಿ ಎಂದು ನಮ್ಮ ಸವಾರರ ತಂಡಗಳು ಒಟ್ಟಾಗಿ ಕೇಳುವುದು ನ್ಯಾಯವಾದ ಬೇಡಿಕೆಯೆಂದು ನನ್ನ ನಂಬಿಕೆ. ಅವು ಅಗಲವಾಗಿವೆ, ಎದುರು ಬಂದವರು ಕಾಣುತ್ತಾರೆ, ಮಣ್ಣು ಆಗಲೇ ಗಟ್ಟಿಯಾಗಿದೆ. ಅರ್ಜಿಯಲ್ಲಿ ಯಾವ ದಾರಿ, ಎಲ್ಲಿಂದ ಎಲ್ಲಿಗೆ, ವರ್ಷದ ಯಾವ ತಿಂಗಳು, ದಿನಕ್ಕೆ ಎಷ್ಟು ಸೈಕಲ್, ಎಷ್ಟು ಹೊತ್ತಿಗೆ ಒಳಗೆ ಎಷ್ಟು ಹೊತ್ತಿಗೆ ಹೊರಗೆ, ಜೊತೆಗೆ ಬರುವ ಸ್ಥಳೀಯ ಗೈಡ್ ಯಾರು, ಬಿದ್ದು ಪೆಟ್ಟಾದರೆ ಹೊತ್ತು ತರುವ ಏರ್ಪಾಡೇನು ಎಂಬುದೆಲ್ಲ ಇರಲಿ. ದಾರಿಯ ನಕ್ಷೆಯನ್ನು ಜೊತೆಗೆ ಲಗತ್ತಿಸಿ, ಎರಡು ಪ್ರತಿ ಒಯ್ದು, ನಿಮ್ಮಲ್ಲಿ ಉಳಿಯುವ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.