ಬರ ಪರಿಹಾರ ಖಾತೆಗೆ ಬರಲು ನಾನು ಮಾಡಿದ್ದು

2023ರ ಮುಂಗಾರನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆಯ ಶೇಂಗಾ ಬೆಳೆಗಾರರು ಮರೆಯೋದು ಕಷ್ಟ. ಬಿತ್ತಿದ್ದು ಚೆನ್ನಾಗೇ ಹುಟ್ಟಿತು. ಹೂವು ಬಿಡುವ ಹೊತ್ತಿಗೆ ಸರಿಯಾಗಿ ಆಗಸ್ಟ್ ಮಳೆ ಕೈಕೊಟ್ಟಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಮಳೆಯಾಶ್ರಿತ ಬೆಳೆಗೆ ಆಗ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ ಇತ್ತು, ಅದೂ 2 ಹೆಕ್ಟೇರ್‌ವರೆಗೆ ಮಾತ್ರ. ನನ್ನ ಹೊಲ 2 ಎಕರೆ 20 ಗುಂಟೆ, ಅಂದರೆ ಹೆಚ್ಚೂಕಡಿಮೆ ಒಂದು ಹೆಕ್ಟೇರ್. ಬೀಜ, ಉಳುಮೆ, ಕಳೆ ಕೂಲಿ ಲೆಕ್ಕ ಹಾಕಿದರೆ ಈ ದುಡ್ಡು ಯಾವ ಮೂಲೆಗೂ ಸಾಲದು. ಆದರೂ ಮುಂದಿನ ಬಿತ್ತನೆಗೆ ಒಂದಿಷ್ಟು ಆಸರೆ, ಬಿಡೋಕಾಗಲ್ಲ ಅಲ್ವಾ?

ಅರ್ಜಿ ಎಲ್ಲಿ ಹಾಕಬೇಕು ಅಂತ ಬಹಳ ಜನ ಕೇಳುತ್ತಾರೆ. ಆ ಸಲ ಅರ್ಜಿಯ ಮಾತೇ ಇರಲಿಲ್ಲ. ಪಹಣಿ (ಜಮೀನಿನ ದಾಖಲೆ), ಫ್ರೂಟ್ಸ್ ಐಡಿ (ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ), ಬೆಳೆ ಸಮೀಕ್ಷೆ (ಯಾವ ಹೊಲದಲ್ಲಿ ಯಾವ ಬೆಳೆ ಅನ್ನೋ ಸರ್ಕಾರಿ ದಾಖಲೆ), ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಈ ನಾಲ್ಕೂ ಒಂದಕ್ಕೊಂದು ತಾಳೆಯಾದರೆ ಹಣ ತಾನಾಗೇ ಬರುತ್ತಿತ್ತು. ಒಂದು ತಪ್ಪಿದರೂ ನಿಂತುಹೋಗುತ್ತಿತ್ತು.

ಪಹಣಿ ಅಪ್ಪನ ಹೆಸರಿನಲ್ಲೇ ಇತ್ತು, ಅವರು ತೀರಿಕೊಂಡಿದ್ದರು. ಬರಕ್ಕೂ ಮೊದಲೇ ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸೋದು, ಮಾಡಿಸಿಕೊಂಡಿದ್ದೆ. ಆಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಫ್ರೂಟ್ಸ್ ಐಡಿಗೆ ಎರಡೂ ಸರ್ವೆ ನಂಬರ್ ಸೇರಿಸಿದೆ. ಒಂದೇ ನಂಬರ್ ಸೇರಿಸಿ ಸುಮ್ನಾಗುವವರು ಜಾಸ್ತಿ. ಅಂಥವರ ಉಳಿದ ಜಮೀನು ಲೆಕ್ಕಕ್ಕೇ ಬರೋದಿಲ್ಲ.

ತಲೆನೋವು ಬಂದದ್ದು ಬೆಳೆ ಸಮೀಕ್ಷೆಯಲ್ಲಿ. ಸಮೀಕ್ಷೆಯ ವಿವರ ತೋರಿಸುವ ಬೆಳೆ ದರ್ಶಕ ಆ್ಯಪ್ ತೆರೆದು ನೋಡಿದರೆ ನನ್ನ ಹೊಲದ ಒಂದು ಹಿಸ್ಸಾ (ಭಾಗ) ಬೀಳು, ಅಂದರೆ ಬಿತ್ತದೆ ಬಿಟ್ಟದ್ದು ಅಂತ ದಾಖಲಾಗಿತ್ತು. ಫೋಟೋದಲ್ಲಿ ಬರೀ ಬದುವಿನ ಹುಲ್ಲು. ಹೊಲದೊಳಗೆ ಕಾಲಿಡದೆ ಅಂಚಿನಲ್ಲೇ ತೆಗೆದ ಫೋಟೋ ಅದು. ಅದೇ ಆ್ಯಪ್‌ನಲ್ಲಿ ಆಕ್ಷೇಪಣೆ ಹಾಕಿದೆ. ಗ್ರಾಮ ಆಡಳಿತ ಅಧಿಕಾರಿಯನ್ನು ಕಂಡು, "ಸರ್, ಒಂದ್ಸಲ ನೀವೇ ಬಂದು ನೋಡಿ" ಅಂದೆ. ಅವರು ಬಂದರು. ಹೊಲದ ನಡುವೆ ನಿಂತು ಒಂದು ಗಿಡ ಕಿತ್ತರು. ಬೇರಿನಲ್ಲಿ ಎರಡೋ ಮೂರೋ ಕಾಯಿ, ಒಳಗೆ ಬೀಜ ಕಟ್ಟಿರಲಿಲ್ಲ. ಶೇಂಗಾ, ಅದರ ನಡುವೆ ಅಕ್ಕಡಿ ಸಾಲಿನಲ್ಲಿ (ಮಿಶ್ರ ಬೆಳೆಯಾಗಿ) ಹಾಕಿದ್ದ ತೊಗರಿ ಎರಡೂ ಕಾಣುವ ಹಾಗೆ ಹೊಸ ಫೋಟೋ ತೆಗೆದರು. ಶೇಕಡಾ 33ಕ್ಕಿಂತ ಕಡಿಮೆ ನಷ್ಟವಾದರೆ ಪರಿಹಾರವಿಲ್ಲ. ಬೀಳು ಅಂತ ಬರೆದರೆ ನಷ್ಟದ ಪ್ರಶ್ನೆಯೇ ಬರಲ್ಲ. ಹಾಗಾಗಿ ಹಸಿರಿದ್ದಾಗಲೇ ಸಮೀಕ್ಷೆ ನೋಡಿಕೊಳ್ಳಿ. ಬೆಳೆ ಕಿತ್ತ ಮೇಲೆ ತೋರಿಸಲು ಏನೂ ಉಳಿಯಲ್ಲ.

ಬ್ಯಾಂಕಿನದು ಸಣ್ಣ ವಿಷಯ, ಆದರೆ ನಮ್ಮೂರಲ್ಲಿ ಜಾಸ್ತಿ ಜನರ ಹಣ ನಿಂತದ್ದು ಅಲ್ಲೇ. ಪಾಸ್‌ಬುಕ್ ಜೆರಾಕ್ಸ್ ಕೊಟ್ಟ ಖಾತೆಗೇ ಹಣ ಬರುತ್ತದೆ ಅಂತಿಲ್ಲ. ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಆಧಾರ್ ವೆಬ್‌ಸೈಟಿನಲ್ಲಿ ಓಟಿಪಿ ಹಾಕಿದರೆ ಯಾವ ಬ್ಯಾಂಕ್ ಅಂತ ತೋರಿಸುತ್ತದೆ. ನಾನು ಅಮ್ಮನದೂ ನೋಡಿದೆ. ಎಷ್ಟೋ ವರ್ಷದಿಂದ ಬಳಸದ ಖಾತೆ ತೋರಿಸಿತು, ಅದನ್ನು ಬದಲಾಯಿಸಿದೆವು.

2024ರ ಜನವರಿಯಲ್ಲಿ ರಾಜ್ಯ ಸರ್ಕಾರದ ಮೊದಲ ಕಂತು 2,000 ರೂಪಾಯಿ ಬಂತು. ಕೇಂದ್ರದಿಂದ ಪರಿಹಾರದ ಹಣ ಪಡೆಯಲು ರಾಜ್ಯ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. ಕೇಂದ್ರದ ಹಣ ಏಪ್ರಿಲ್ ಕೊನೆಗೆ ಬಿಡುಗಡೆಯಾಗಿ, ನಮಗೆ ಉಳಿದದ್ದು ಮೇ ತಿಂಗಳಲ್ಲಿ ಸೇರಿತು. ಬೆಳೆ ಒಣಗಿ ಎಂಟು ತಿಂಗಳಿಗೂ ಮೇಲಾಗಿತ್ತು. ಇಷ್ಟು ತಡವಾದರೆ ರೈತ ಅಷ್ಟರಲ್ಲಿ ಕೈಸಾಲ ಮಾಡಿರುತ್ತಾನೆ.

ನನಗೆ ಇನ್ನೂ ಬೇಸರ ಇರುವುದು ಗುತ್ತಿಗೆಗೆ ಹೊಲ ಮಾಡುವವರ ಬಗ್ಗೆ. ಬೆವರು ಅವರದು, ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಪಕ್ಕದ ಹೊಲ ಮಾಡುವ ಅಣ್ಣನಿಗೆ ಬಿಡಿಗಾಸೂ ಬರಲಿಲ್ಲ. ನಾನು, ಊರಿನ ಇನ್ನಿಬ್ಬರು ಹಿರಿಯರು ಸೇರಿ ಜಮೀನಿನ ಯಜಮಾನರ ಹತ್ತಿರ ಮಾತಾಡಿದೆವು. ಅವರು ಆ ವರ್ಷದ ಗುತ್ತಿಗೆ ಹಣದಲ್ಲಿ ಅರ್ಧ ಬಿಟ್ಟುಕೊಟ್ಟರು.