ಹುಡುಗೂರಿಗೆ ವಾಕ್ಯ ಕಟ್ಟೂದು ಕಲಸಾಕ ಹಳೇ ಲಗ್ನಪತ್ರಿಕಿ ಸಾಕು

ಮೂರನೇತ್ತಾ ನಾಕನೇತ್ತಾ ಹುಡುಗೂರಿಗೆ ವಾಕ್ಯ ಕಲಸೂಮುಂದ ಮೊದಲ ಕರ್ತೃ, ಕರ್ಮ, ಕ್ರಿಯಾಪದ ಅಂತ ಹಲಗಿ ಮ್ಯಾಲೆ ಬರೀಬ್ಯಾಡ್ರಿ. ಗದಗ ಹತ್ರ ಹಳ್ಳಿ ಸಾಲ್ಯಾಗ ನಾನೂ ಮೊದ್ಲ ಹಂಗ ಮಾಡ್ತಿದ್ದೆ, ಹುಡುಗೂರು ಬಾಯಿಪಾಠ ಮಾಡಿ ಪಟಪಟ ಒಪ್ಪಿಸ್ತಿದ್ವು, ಆದ್ರ ಜಾತ್ರ್ಯಾಗ ಏನ್ ನೋಡಿದ್ರಿ ಎರಡು ಸಾಲು ಬರೀರಿ ಅಂದ್ರ ಪೆನ್ಸಿಲ್ ಕಚ್ಕೋತ ಕುಂದರ್ತಿದ್ವು.

ಅವರ ಮಾತಿನಿಂದನ ಶುರು ಮಾಡ್ರಿ. ಮುಂಜಾನೆ ಮನ್ಯಾಗ ಏನ್ ನಡದಿತ್ತು ಅಂತ ಕೇಳ್ರಿ. 'ನಮ್ಮವ್ವ ರೊಟ್ಟಿ ಬಡ್ಯಾಕತ್ತಿದ್ಲು' ಅಂತೈತಿ ಒಂದು. ಅದನ್ನ ಹಂಗ ಬರೀರಿ, ತಪ್ಪು ಅನಬ್ಯಾಡ್ರಿ. ಕೆಳಗ 'ನಮ್ಮ ಅವ್ವ ರೊಟ್ಟಿ ಬಡಿಯುತ್ತಿದ್ದಳು' ಅಂತ ಬರದು, ಇದು ಪುಸ್ತಕದಾಗಿನ ಮಾತು ಅನ್ರಿ. ಯಾರು, ಏನನ್ನ, ಏನ್ ಮಾಡಿದ್ಲು, ಈ ಮೂರು ಪ್ರಶ್ನಿ ಕೇಳಿದ್ರ ವಾಕ್ಯದ ಎಲುಬು ತಾನ ಕಾಣ್ತೈತಿ.

ಆಮ್ಯಾಲೆ ಹಳೇ ಲಗ್ನಪತ್ರಿಕಿ ಕತ್ತರಿಸಿ ಪಟ್ಟಿ ಮಾಡ್ರಿ, ಹಿಂದಿನ ಖಾಲಿ ಬಾಜೂಕ ನಾಯಿ, ಬೆಕ್ಕು, ಹಿಡಿಯಿತು ಅಂತ ಒಂದೊಂದ ಶಬ್ದ ಬರದು ಮೂರು ಮಂದಿ ಕೈಯಾಗ ಕೊಟ್ಟು ಸಾಲಾಗಿ ನಿಂದರಸ್ರಿ. ಯಾರು ಯಾರನ್ನ ಹಿಡೀತು? ನಾಯಿ ಬೆಕ್ಕನ್ನ, ಅಂತಾವ. ಮೊದಲಿನ ಇಬ್ಬರ ಜಾಗಾ ಅದಲಬದಲ್ ಮಾಡ್ರಿ, ಈಗ ಬೆಕ್ಕ ನಾಯೀನ್ನ ಹಿಡೀತು ಅಂತ ಎಲ್ಲಾ ನಗ್ತಾವ. ಅಷ್ಟೊತ್ತಿಗೆ 'ಅನ್ನು' ಅನ್ನೂ ಸಣ್ಣ ಪಟ್ಟಿ ನಾಕನೇ ಹುಡುಗಿಗೆ ಕೊಟ್ಟು ಬೆಕ್ಕಿನ ಮಗ್ಗಲ ನಿಲ್ಲಸ್ರಿ. ಬೆಕ್ಕನ್ನು! ಇನ್ನ ಆ ಜೋಡಿ ಮುಂದ ನಿಲ್ಲಲಿ ಹಿಂದ ನಿಲ್ಲಲಿ, ಸಿಕ್ಕಿದ್ದು ಬೆಕ್ಕ. ವಿಭಕ್ತಿ ಅಂದ್ರ ಏನು ಅಂತ ಇದಕ್ಕಿಂತ ಚಂದ ಹೇಳೂದು ನನಗ ಗೊತ್ತಿಲ್ಲ. ಇಂಗ್ಲಿಷ್‌ನ್ಯಾಗ ಈ ಅನುಕೂಲ ಇಲ್ಲ, ಅಲ್ಲೆ ಜಾಗಾ ಬದಲಾದ್ರ ಅರ್ಥನ ಬದಲಾಗ್ತೈತಿ, ಕ್ರಿಯಾಪದನೂ ನಡಕ ಬರ್ತೈತಿ, ಅದಕ್ಕ ಎರಡೂ ಒಂದ ದಿನ ಕಲಸಬ್ಯಾಡ್ರಿ.

ನಮ್ಮ ಕಡೆ ಹುಡುಗೂರು ಭಾಳ ಎಡವೂದು ಕ್ರಿಯಾಪದದ ಬಾಲದಾಗ. ಅಣ್ಣ ಬಂದನು, ಅಕ್ಕ ಬಂದಳು, ಎಮ್ಮೆ ಬಂದಿತು, ಎತ್ತುಗಳು ಬಂದವು, ಇಷ್ಟು ಬರ್ತೈತಿ. ಆದ್ರ ನಾವು ಮಾತಾಡೂದು 'ಹುಡುಗೂರು ಬಂದ್ವು', ಪುಸ್ತಕದಾಗ 'ಹುಡುಗರು ಬಂದರು'. ಕೂಸು 'ಹುಡುಗರು ಬಂದವು' ಅಂತ ಬರದ್ರ ಅದು ದಡ್ಡತನ ಅಲ್ಲ, ಮನಿ ಮಾತು. ಎರಡೂ ಅಕ್ಕಪಕ್ಕ ಬರದು ತೋರಸ್ರಿ, ಸಿಟ್ಟಾಗಬ್ಯಾಡ್ರಿ.

ಪ್ರತಿ ವಾಕ್ಯಕ್ಕೂ ಕ್ರಿಯಾಪದ ಬೇಕ ಬೇಕು ಅಂತನೂ ಹೇಳಬ್ಯಾಡ್ರಿ, 'ಇದು ನಮ್ಮ ಶಾಲೆ' ಪೂರ್ತಿ ವಾಕ್ಯನ.

ವಾಕ್ಯ ಬೆಳಸೂದು ಸರಳ. 'ಅಣ್ಣ ಬಂದನು' ಅಂದಕೂಡ್ಲೆ ಯಾವಾಗ, ಎಲ್ಲಿಂದ, ಯಾತರಾಗ ಅಂತ ಕೇಳ್ಕೋತ ಹೋಗ್ರಿ, 'ಅಣ್ಣ ನಿನ್ನೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದನು' ಆಗ್ತೈತಿ. ಒಂದೊಂದು ಉತ್ತರಕ್ಕ ಒಂದೊಂದು ಪಟ್ಟಿ ನಡಕ ಸೇರಸ್ರಿ, ಬಂದನು ಹಿಡಿದಾಂವ ಸರಕೋತ ಕೊನೀಗೆ ಹೋಗ್ತಾನ.

ಏನೂ ಬರೀಲಾರದ ಕೂಸಿಗೆ ಹೇಳಾಕ ಹಚ್ಚಿ ನೀವ ಪಾಟಿ ಮ್ಯಾಲೆ ಬರೀರಿ. ತಾನ ಹೇಳಿದ್ದು ಅಲ್ಲೆ ಕಂಡ್ರ ಬೊಟ್ಟ ಇಟ್ಟು ಓದತೈತಿ, ಆಮ್ಯಾಲೆ ಖಡು ಇಸ್ಕೊಂಡು ಅದರ ಕೆಳಗ ತಾನೂ ಬರೀತೈತಿ.