ಕ್ಯಾನ್ಸರ್ ವಾಕ್‌ಗೆ ಎಲ್ರೂ ಸೇರಿ ಹೋಗೋದು ಹೇಗೆ

ಕ್ಯಾನ್ಸರ್‌ಗೆ ಹಣ ಕೂಡಿಸೋ ವಾಕ್‌ಗಳಲ್ಲಿ ಒಂದೇ ಎಡವಟ್ಟು ನೋಡಿ ನೋಡಿ ಸಾಕಾಗಿದೆ. ಮನೆಮಂದಿ, ಫ್ರೆಂಡ್ಸು ಎಲ್ಲಾ ಒಂದೇ ಬಣ್ಣದ ಟೀಶರ್ಟ್ ಹಾಕ್ಕೊಂಡು ಬ್ಯಾನರ್ ಹಿಡ್ಕೊಂಡು ಬರ್ತಾರೆ, ಆದ್ರೆ ಯಾರಿಗೋಸ್ಕರ ಬಂದಿದ್ದಾರೋ ಆ ಅಕ್ಕನೋ ಚಿಕ್ಕಪ್ಪನೋ ಅರ್ಧ ದಾರೀಲಿ ಹಿಂದೆ ಬಿದ್ದು ಕೂರೋಕೆ ಜಾಗ ಹುಡುಕ್ತಿರ್ತಾರೆ, ಉಳ್ದೋರೆಲ್ಲ ಮುಂದೆ ಸೆಲ್ಫೀಲಿ ಬಿಜಿ.

ಮೊದಲು ಹೆಸರು ಕೊಡೋದು. ಐದು ನಿಮಿಷದ ಕೆಲ್ಸ, ಆದ್ರೆ ಹಣ ಎಲ್ಲಿಗೆ ಹೋಗುತ್ತೆ ಅನ್ನೋದನ್ನ ಓದಿ: ಸಂಶೋಧನೆಗಾ, ಕೈಲಾಗದವರ ಚಿಕಿತ್ಸೆಗಾ, ಆಸ್ಪತ್ರೆಗೆ ಓಡಾಡೋ ಖರ್ಚಿಗಾ? ಇದನ್ನ ಎಲ್ಲೂ ಬರೀದಿದ್ರೆ ಬೇರೆ ವಾಕ್ ಹುಡುಕಿ. ನೋಂದಣಿ ಶುಲ್ಕ ಎಷ್ಟೋ ಕಡೆ ಟೀಶರ್ಟು, ನೀರು, ಪೆಂಡಾಲಿಗೇ ಮುಗ್ದೋಗುತ್ತೆ, ಹಾಗಾಗಿ ಫೀಸ್ ಕಟ್ಟಿದ ತಕ್ಷಣ ದಾನ ಮಾಡಿದ ಹಾಗಲ್ಲ.

ಎರಡನೇದು ಹಣ ಕೇಳೋದು. ನಿಮ್ಮ ದುಡ್ಡನ್ನ ಮೊದಲು ಹಾಕಿ, ಖಾಲಿ ಪಟ್ಟಿ ನೋಡಿದ್ರೆ ಯಾರ ಕೈಯೂ ಮುಂದೆ ಬರಲ್ಲ. ಗ್ರೂಪಲ್ಲಿ ಫಾರ್ವರ್ಡ್ ಮಾಡಿದ್ರೆ ಕೈ ಮುಗಿಯೋ ಇಮೋಜಿ ಬರುತ್ತೆ ಅಷ್ಟೇ, ಒಬ್ಬೊಬ್ರಿಗೇ ಎರಡು ಸಾಲು ಬರೀರಿ. ಲಿಂಕನ್ನ ಸಂಸ್ಥೆಯ ಸ್ವಂತ ಪೇಜಿಂದಾನೇ ತಗೊಳ್ಳಿ, ಯಾರೋ ಕಳ್ಸಿದ ಕ್ಯೂಆರ್ ಕೋಡ್ ನಂಬ್ಬೇಡಿ. ನಗದು ಕೊಟ್ರೆ ಅಲ್ಲೇ ಹೆಸರು, ಮೊತ್ತ ಬರ್ಕೊಂಡು ರಸೀದಿ ಕೊಡಿಸಿ.

ಟೀಶರ್ಟ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಎದೆ ತುಂಬ ರಬ್ಬರ್ ಪ್ರಿಂಟ್ ಹೊಡೆದಿರೋ ಅಗ್ಗದ ಪಾಲಿಯೆಸ್ಟರ್ ಬೇಡವೇ ಬೇಡ. ಬೆವರು ಒಳಗೇ ನಿಲ್ಲುತ್ತೆ, ರೇಡಿಯೇಷನ್ ಆಗಿರೋ ಚರ್ಮಕ್ಕೆ ಉಜ್ಜಿದ್ರಂತೂ ಉರಿ ತಡೆಯೋಕಾಗಲ್ಲ. ಸಡಿಲ ಹತ್ತಿ ಬಟ್ಟೆ ಹಾಕಿ, ಹೊರಗೆ ರಿಬ್ಬನ್ ಚುಚ್ಚಿಕೊಂಡ್ರೆ ಸಾಕು. ರಿಬ್ಬನ್ ಅಂದ್ರೆ ಎಲ್ರೂ ಪಿಂಕ್ ತರ್ತಾರೆ, ಅದು ಸ್ತನ ಕ್ಯಾನ್ಸರ್‌ದು. ಮಕ್ಕಳ ಕ್ಯಾನ್ಸರ್‌ಗೆ ಬಂಗಾರದ ಬಣ್ಣ, ಎಲ್ಲಾ ಕ್ಯಾನ್ಸರ್‌ಗೂ ಸೇರಿಸಿ ಅಂದ್ರೆ ಲ್ಯಾವೆಂಡರ್. ಹೊಸ ಶೂ ಅವತ್ತೇ ಮೊದಲ ಸಲ ಹಾಕ್ಬೇಡಿ.

ಈಗ ಅಸಲಿ ಕೆಲ್ಸ, ಚಿಕಿತ್ಸೆಲಿರೋರನ್ನ ಅಥವಾ ಈಗಷ್ಟೇ ಮುಗಿಸಿರೋರನ್ನ ಜೊತೇಲಿ ಕರ್ಕೊಂಡು ಹೋಗೋದು. ದಿನ ಗೊತ್ತಾದ ಕೂಡ್ಲೇ ಅವ್ರ ಡಾಕ್ಟರ್ ಹತ್ರ ಕೇಳಿಸಿ. ಕೀಮೋ ಆದ್ಮೇಲೆ ಸಾಮಾನ್ಯವಾಗಿ 7ರಿಂದ 14 ದಿನದೊಳಗೆ ಬಿಳಿ ರಕ್ತಕಣಗಳು ತೀರಾ ಕೆಳಗೆ ಇಳಿದಿರುತ್ವೆ, ಆಗ ಜನಜಂಗುಳಿ ಒಳ್ಳೇದಲ್ಲ. ಅವತ್ತು ಬೆಳಗ್ಗೆ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದ್ರೆ 100.4 ಫ್ಯಾರನ್‌ಹೀಟ್ ಮುಟ್ಟಿದ್ರೆ ವಾಕ್ ಮರ್ತುಬಿಡಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ, ಮಾತ್ರೆ ನುಂಗಿ ನೋಡೋಣ ಅಂತ ಕಾಯ್ಬೇಡಿ. ಶೀತ ಕೆಮ್ಮು ಇರೋ ನೆಂಟ್ರು ಮನೇಲೇ ಇರ್ಲಿ, ಬೇಜಾರಾದ್ರೂ ಪರ್ವಾಗಿಲ್ಲ.

ಕೆಲವು ಕೀಮೋ ಔಷಧಿಗಳಿಂದ ಪಾದ ಜೋಮು ಹಿಡಿಯುತ್ತೆ, ಕಲ್ಲು ಚುಚ್ಚಿದ್ರೂ ಗೊತ್ತಾಗಲ್ಲ, ಅದಕ್ಕೆ ಮೆತ್ತನೆ ಸಾಕ್ಸು, ಮುಚ್ಚಿದ ಶೂ, ಸಮತಟ್ಟು ದಾರಿ. ಕಂಕುಳ ಗ್ರಂಥಿ ತೆಗೆಸ್ಕೊಂಡಿರೋರಿಗೆ ಆ ಕಡೆ ಭುಜಕ್ಕೆ ಬ್ಯಾಗ್ ಬೇಡ, ಗೇಟಲ್ಲಿ ಕಟ್ಟೋ ಬಿಗಿ ಬ್ಯಾಂಡನ್ನೂ ಇನ್ನೊಂದು ಕೈಗೆ ಕಟ್ಟಿಸಿ, ಕೈ ಬಾವು ಬರೋ ಸಾಧ್ಯತೆ ಇರುತ್ತೆ. ಬಿಸಿಲಿಗೆ ಟೋಪಿ, ತುಂಬುತೋಳು. ನೀವು ಸೆಂಟ್ ಹೊಡ್ಕೊಂಡು ಬರ್ಬೇಡಿ, ಆ ವಾಸನೆಗೇ ಎಷ್ಟೋ ಜನಕ್ಕೆ ಹೊಟ್ಟೆ ತೊಳಸುತ್ತೆ.

ಇನ್ನು ವೇಗ. ನಿಧಾನಕ್ಕೆ ನಡೆಯೋರು ಮುಂದೆ, ಉಳ್ದೋರೆಲ್ಲ ಅವ್ರ ಹಿಂದೆ, ಇದೊಂದು ನಿಯಮ ಮುರೀಬೇಡಿ. ಓಡ್ಬೇಕು ಅನ್ನೋರು ಹೊರಡೋ ಮೊದ್ಲೇ ಬೇರೆ ಗುಂಪಾಗ್ಲಿ. ಹಿಂದಿನ ದಿನ ದಾರಿ ನೋಡಿ, ಎಲ್ಲೆಲ್ಲಿ ಹೊರಗೆ ಬರಬಹುದು, ಟಾಯ್ಲೆಟ್ ಎಲ್ಲಿದೆ, ಕಾರು ಎಲ್ಲಿ ನಿಲ್ಸಬಹುದು ಅಂತ ತಿಳ್ಕೊಳ್ಳಿ, ಒಬ್ರು ನಡೀದೆ ಕಾರಲ್ಲೇ ಇರ್ಲಿ. ಮಡಚೋ ಕುರ್ಚಿ ಒಂದು ತಗೊಂಡ್ರೆ ಅರ್ಧ ಚಿಂತೆ ಕಮ್ಮಿ (ಮೂರು ಕಾಲಿನ ಪುಟಾಣಿ ಸ್ಟೂಲ್ ತಗೋಬೇಡಿ, ಅದರಲ್ಲಿ ಆರೋಗ್ಯವಾಗಿರೋರೇ ಬೀಳ್ತಾರೆ). ಗಾಲಿಕುರ್ಚಿ ಬೇಕಾಗಬಹುದು ಅನ್ನಿಸಿದ್ರೆ ಆಯೋಜಕರಿಗೆ ವಾರ ಮೊದ್ಲೇ ಹೇಳಿ.

ಸುಸ್ತಾಯ್ತಾ ಅಂತ ಕೇಳ್ಲೇಬೇಡಿ. ಇಲ್ಲ ಅಂತಾನೇ ಹೇಳ್ತಾರೆ, ಅಷ್ಟು ಜನ ಅವ್ರಿಗೋಸ್ಕರ ಬಂದಿರುವಾಗ ಹೌದು ಅನ್ನೋಕೆ ಯಾರಿಗೂ ಬಾಯಿ ಬರಲ್ಲ. ನಡೀತಾ ಮಾತಾಡಿಸ್ತಾ ಇರಿ, ಉತ್ತರ ಚಿಕ್ಕದಾಗ್ತಾ ಬಂದ್ರೆ "ನಂಗೇ ಕಾಲು ನೋಯ್ತಿದೆ ಕಣೇ ಅಕ್ಕ, ಐದ್ ನಿಮಿಷ ಕೂರೋಣ" ಅನ್ನಿ. ಮುಗಿಸ್ಲೇಬೇಕು ಅನ್ನೋ ಹಟ ಯಾರೂ ಮಾಡ್ಬಾರ್ದು, ಸ್ಮಾರ್ಟ್‌ವಾಚ್ ನೋಡ್ಕೊಂಡು ಹೆಜ್ಜೆ ಲೆಕ್ಕ ಒಪ್ಪಿಸೋ ಭಾವನನ್ನ ಸುಮ್ನಿರಿಸಿ. ಕೆನಡಾದ ಟೆರ್ರಿ ಫಾಕ್ಸ್, ಕ್ಯಾನ್ಸರಿಂದ ಒಂದು ಕಾಲು ಕಳ್ಕೊಂಡ ಹುಡುಗ, 1980ರಲ್ಲಿ ಕೃತಕ ಕಾಲಲ್ಲಿ 143 ದಿನ, 5,373 ಕಿಲೋಮೀಟರ್ ಓಡಿ, ಶ್ವಾಸಕೋಶಕ್ಕೆ ಹರಡಿದೆ ಅಂತ ಗೊತ್ತಾದಾಗ ಅಲ್ಲಿಗೇ ನಿಲ್ಲಿಸಿದ. ಅವನ ಹೆಸರಲ್ಲಿ ನಡೆಯೋ ಓಟಗಳಲ್ಲಿ ಇವತ್ತಿಗೂ ಸ್ಪರ್ಧೆ ಅನ್ನೋದೇ ಇಲ್ಲ.

ಬಾಯಿ ಬಗ್ಗೆನೂ ಒಂದು ಮಾತು. ಯಾವುದೋ ಸೊಪ್ಪಿನ ರಸ ಕುಡಿದು ಯಾರಿಗೋ ವಾಸಿಯಾಯ್ತಂತೆ ಅನ್ನೋ ಕಥೆ ದಾರೀಲಿ ಬೇಡ. ಫೋಟೋ ಹಾಕೋ ಮೊದ್ಲು ಕೇಳಿ, ಆಫೀಸಲ್ಲಿ ವಿಷ್ಯ ಹೇಳದೇ ಇರೋರು ಇರ್ತಾರೆ.

ಬೇಗ ಹೋಗಿ ತಲುಪಿ. ಅಮೆರಿಕದ ಟಕೋಮಾದಲ್ಲಿ 1985ರಲ್ಲಿ ಗೋರ್ಡನ್ ಕ್ಲ್ಯಾಟ್ ಅನ್ನೋ ಸರ್ಜನ್ 24 ಗಂಟೆ ಮೈದಾನ ಸುತ್ತಿ ಹಣ ಎತ್ತಿದ್ರಲ್ಲ, ಅದರಿಂದ ಬೆಳೆದ ರಿಲೇ ಫಾರ್ ಲೈಫ್ ಥರದ ನಡಿಗೆಗಳಲ್ಲಿ ಮೊದಲ ಸುತ್ತು ಕ್ಯಾನ್ಸರ್ ಗೆದ್ದವರದು, ಚಿಕಿತ್ಸೆಲಿರೋರದು. ತಡವಾಗಿ ಹೋದ್ರೆ ಆ ಸುತ್ತೇ ತಪ್ಪಿಹೋಗುತ್ತೆ. ಸಂಜೆ ಕ್ಯಾನ್ಸರ್ ಬಂದವರ ಹೆಸರು ಬರೆದ ದೀಪ ಹಚ್ಚುವಾಗ ಮಕ್ಕಳು ಇವ್ರೆಲ್ಲ ಸತ್ತೋಗಿದಾರಾ ಅಂತ ಜೋರಾಗೇ ಕೇಳ್ತವೆ, ಗದರ್ಬೇಡಿ, ಕೆಲವರು ಹೌದು, ಕೆಲವರು ಇಲ್ಲೇ ನಡೀತಿದಾರೆ ಅಂತ ನೇರವಾಗಿ ಹೇಳಿ.

ಮುಗಿದ್ಮೇಲೆ ನಗದು ಅವತ್ತೇ ಕಟ್ಟಿ. ಚಿಕಿತ್ಸೆಲಿರೋರಿಗೆ ನಡೆದ ದಿನಕ್ಕಿಂತ ಮಾರನೇ ದಿನ ಸುಸ್ತು ಜಾಸ್ತಿ ಅನ್ನಿಸಬಹುದು, ಅವ್ರ ಮನೆ ಊಟದ ಜವಾಬ್ದಾರಿ ಯಾರಾದ್ರೂ ವಹಿಸ್ಕೊಳ್ಳಿ. ಎಷ್ಟೋ ಕಡೆ ಹಣ ಕಟ್ಟೋ ಪೇಜು ಆಮೇಲೂ ಕೆಲವು ದಿನ ತೆರೆದಿರುತ್ತೆ, ಕೊಡ್ತೀನಿ ಅಂತ ಹೇಳಿ ಮರ್ತಿರೋರಿಗೆ ಒಂದು ಫೋಟೋ ಜೊತೆ ಇನ್ನೊಂದ್ಸಲ ಲಿಂಕ್ ಕಳ್ಸಿ.